ತೊಟ್ಟಿಲಿಗೆ ಬಂದ ಚಾಕು

ಚಾಕು ತೆರೆಯಲು ಉಗುರು ಸಾಕು, ಮಡಚಲು ಬುದ್ಧಿ ಬೇಕು. ಬಿಟಿಎಂ ಲೇಔಟಿನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ನಿಂಗರಾಜನ ಹತ್ತಿರ ಆ ಶನಿವಾರ ಬೆಳಿಗ್ಗೆ ಇದ್ದದ್ದು ಉಗುರು ಮಾತ್ರ.

ಹೆಂಡತಿ ದಾನಮ್ಮ ಹಸುಗೂಸನ್ನು ಎತ್ತಿಕೊಂಡು ಸೋಮವಾರ ತವರಿನಿಂದ ಬರುವವಳಿದ್ದಳು. ತೊಟ್ಟಿಲಲ್ಲಿ ಕಬ್ಬಿಣ ಇಡದಿದ್ದರೆ ಕೂಸಿಗೆ ಗಾಳಿ ಸೋಕುತ್ತದೆಂದು, ಊರಿನಲ್ಲಿ ಕಮ್ಮಾರಿಕೆ ಮಾಡುವ ಸೋದರಮಾವ ಭೀಮರಾಯ ತಾನೇ ಒಂದು ಮಡಚುವ ಚಾಕು ಮಾಡಿ ಕಳಿಸಿದ್ದ. ಲಾರಿಯ ಹಳೇ ಪಟ್ಟಿ ಕಾಯಿಸಿ ಬಡಿದ ಅಲಗು, ಎಮ್ಮೆ ಕೊಂಬಿನ ಹಿಡಿ, ಹಿತ್ತಾಳೆ ಮೊಳೆ, ಹಿಡಿಯ ಬೆನ್ನಿಗೆ ಅಲಗನ್ನು ಅದುಮಿ ಹಿಡಿಯುವ ಉಕ್ಕಿನ ಪಟ್ಟಿ. "ಕೀಲು ಹೊಸಾದೈತಿ, ಎಣ್ಣಿ ಬಿಡಲಾರದ ತೆರೀಬ್ಯಾಡ," ಎಂದು ಫೋನಿನಲ್ಲಿ ಹೇಳಿಯೂ ಇದ್ದ. ಹೇಳಿದ್ದು ಕೇಳುವ ಜಾಯಮಾನ ಇವನದಾಗಿದ್ದರೆ ಕತೆಯೇ ಇರುತ್ತಿರಲಿಲ್ಲ ಬಿಡಿ. ಟಕ್ ಎಂದು ತೆರೆದ. ಬೆರಳುದ್ದದ ಅಲಗು ಹೊರಗೆ ಬಂತು; ಜಪ್ಪಯ್ಯ ಅಂದರೂ ಒಳಗೆ ಹೋಗಲಿಲ್ಲ.

ಖಾನಾವಳಿಯಲ್ಲಿ ಉಣ್ಣುವವನ ಮನೆಯಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಅಂಗಡಿಯಿಂದ ತರೋಣವೆಂದರೆ ಶನಿವಾರ. ಶನಿವಾರ ಎಣ್ಣೆ ಕೊಂಡರೆ ಶನಿಯನ್ನೇ ಮನೆಗೆ ಕರೆದಂತೆ ಎಂದು ಅವ್ವ ಚಿಕ್ಕಂದಿನಿಂದ ಹೆದರಿಸಿದ್ದಳು. ಕೊಳ್ಳಬಾರದು ನಿಜ, ಬೇಡಬಾರದೆಂದು ಯಾರೂ ಹೇಳಿರಲಿಲ್ಲ. ಸ್ನಾನ ಮಾಡಿ ತಲೆಗೆ ಸುತ್ತಿದ್ದ ಟವಲಿನಲ್ಲೇ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಾಕು ಹಿಡಿದು ಕೆಳಗಿಳಿದು ಮನೆ ಓನರ್ ಪಂಕಜಮ್ಮನವರ ಬಾಗಿಲು ತಟ್ಟಿದ.

ಪಂಕಜಮ್ಮ ಒಂಟಿ ಹೆಂಗಸು. ಕಣ್ಣಿನ ಪೊರೆ ತೆಗೆಸಿಕೊಂಡು ವಾರವೂ ಆಗಿರಲಿಲ್ಲ. ಕಪ್ಪು ಕನ್ನಡಕದೊಳಗಿಂದ ಅವರಿಗೆ ಮುಖ ಕಾಣಲಿಲ್ಲ, ತಲೆಗೆ ಸುತ್ತಿದ ಬಟ್ಟೆ, ಬಿಸಿಲಿಗೆ ಹೊಳೆದ ಅಲಗು ಮಾತ್ರ ಕಂಡವು.

"ಅಯ್ಯಯ್ಯೋ! ಕಳ್ಳ! ಕೊಲೆ!"

ನಿಂಗರಾಜನ ಜೀವ ಬಾಯಿಗೆ ಬಂತು. "ನಾನ್ರೀ ಅಮ್ಮಾರ" ಅನ್ನುವುದು ಬಿಟ್ಟು ಮೇಲಕ್ಕೆ ಓಡಿದ. ಓಡಿದ ಮೇಲೆ ಎಣ್ಣೆಗೆ ಬಂದಿದ್ದೆ ಎಂದರೆ ಯಾರು ನಂಬುತ್ತಾರೆ? ಇಟ್ಟಮಡು, ಹೊಸಕೆರೆಹಳ್ಳಿ ಎಲ್ಲ ಅಲೆದು, ಚಪ್ಪಲಿ ಸವೆಸಿ ಹಿಡಿದ ಮನೆ. ಇದೂ ಹೋದರೆ ಬಾಣಂತಿ, ಕೂಸನ್ನು ಎಲ್ಲಿಡುವುದು? ಚಾಕುವನ್ನು ಮನೆಯಲ್ಲಿ ಬಿಟ್ಟರೆ ಹುಡುಕುವವರಿಗೆ ಸಿಕ್ಕೀತೆಂದು ಟವಲಿನಲ್ಲಿ ಸುತ್ತಿ, ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ತೊಟ್ಟು ಇಳಿದು ಬಂದ.

ಅಷ್ಟರಲ್ಲಿ ಪಕ್ಕದ ಮನೆಯ ಸೇತುರಾಮಯ್ಯ, ನಿವೃತ್ತ ಬ್ಯಾಂಕ್ ಮ್ಯಾನೇಜರು, ವಾಕಿಂಗ್ ಸ್ಟಿಕ್ ಹಿಡಿದು ದಂಡನಾಯಕರಾಗಿದ್ದರು.

"ಎಷ್ಟುದ್ದ ಇದ್ದ ಪಂಕಜಮ್ಮ?"

"ಆರಡಿ! ತಲೆಗೆ ಮುಂಡಾಸು! ಕೈಯಲ್ಲಿ ಮಚ್ಚು ಸಾರ್, ಮಚ್ಚು!"

ಐದಡಿಯ ನಿಂಗರಾಜನಿಗೆ ತುಸು ಉಸಿರು ಬಂತು. ಸೇತುರಾಮಯ್ಯ ಅವನ ಬೆನ್ನು ತಟ್ಟಿದರು. "ಬನ್ನಿ ನಿಂಗರಾಜು. ವಯಸ್ಸಿನ ಹುಡುಗ ನೀವು, ಮುಂದೆ ನಡೀರಿ. ನಾನು ಹಿಂದೇನೇ ಇದೀನಿ."

ಆ ಕೈ ಇನ್ನೊಂದು ಗೇಣು ಕೆಳಗೆ ಬಿದ್ದಿದ್ದರೆ ಕತೆ ಮುಗಿಯುತ್ತಿತ್ತು.

"ಸಂಪ್ ಒಳಗೆ ಬಗ್ಗಿ ನೋಡ್ರಿ."

"ಬಗ್ಗೂದು ಆಗಂಗಿಲ್ರೀ ಸರ. ಸೊಂಟ ಹಿಡಕೊಂಡೈತಿ."

"ಈಗ್ಲೇ ಹಿಡ್ಕೊಳ್ತಾ? ಹೋಗ್ಲಿ, ಟ್ಯಾಂಕ್ ಹತ್ತಿ."

ಏಣಿಯ ಒಂದೊಂದು ಮೆಟ್ಟಿಲಿಗೂ ಚಾಕುವಿನ ಮೊನೆ ಟವಲು ದಾಟಿ ಚುಚ್ಚಿತು. ಒಂದೊಂದು ಚುಚ್ಚಿಗೂ "ಯಪ್ಪಾ!" ಎಂದು ಚೀರಿದ. ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

"ಪೊಲೀಸ್‌ಗೆ ಫೋನ್ ಮಾಡೋಣ್ವಾ?" ಎಂದರು ಸೇತುರಾಮಯ್ಯ.

"ಬ್ಯಾಡ್ರೀ ಸರ! ನಿಮ್ಮ ಕಾಲಿಗೆ ಬೀಳ್ತೀನಿ!"

"ಪೊಲೀಸ್ ಅಂದ್ರೂ ಭಯಾನೇನ್ರೀ? ಥೂ, ಪುಕ್ಕಲ!"

ಬೈದರೆ ಬೈಯಲಿ. ಕೊನೆಗೂ ಕಳ್ಳ ಸಿಗಲಿಲ್ಲ, ಜನ ಚದುರಿತು. ಬದುಕಿದೆಯಾ ಬಡಜೀವವೇ ಎಂದು ನಿಂಗರಾಜ ಮನೆದೇವರಿಗೆ ಕೈಮುಗಿಯುವಾಗ ಪಂಕಜಮ್ಮ ಒಳಗೆ ಕರೆದು ಕಾಫಿ ಕೊಟ್ಟರು.

"ನಿಮ್ಮಂಥ ಸಾಧು ಬಾಡಿಗೆದಾರರು ಸಿಗಲ್ಲ ನಿಂಗರಾಜು. ನನಗೆ ಕಣ್ಣು ಕಾಣದಿದ್ರೂ ಕಿವಿ ಚುರುಕು. ನಿಮ್ಮ ಹಲ್ಲು ಕಟಕಟ ಅಂತಿದ್ದದ್ದು ಇಲ್ಲೀವರೆಗೂ ಕೇಳಿಸ್ತು."

"ಹೌದ್ರೀ ಅಮ್ಮಾರ," ಎಂದು ನಿಂಗರಾಜ ಸಂತೋಷವಾಗಿ ನಾಚಿದ.

"ಅದಕ್ಕೇ ನಮ್ಮ ಮಾಧವನಿಗೆ ಫೋನ್ ಮಾಡ್ದೆ. ನನ್ನ ತಮ್ಮ, ರಿಟೈರ್ಡ್ ಇನ್‌ಸ್ಪೆಕ್ಟರ್. ಇಂಥ ಕಾಲದಲ್ಲಿ ಮಹಡೀಲಿ ಧೈರ್ಯಸ್ಥ ಗಂಡಸು ಇರ್ಬೇಕು ನೋಡಿ. ಸೋಮವಾರ ಬರ್ತಾನೆ. ಅಷ್ಟರೊಳಗೆ ಮನೆ ಖಾಲಿ ಮಾಡ್ಕೊಟ್ಬಿಡಿ, ಬೇಜಾರು ಮಾಡ್ಕೋಬೇಡಿ."

"ಅಮ್ಮಾರ, ಆ ಕಳ್ಳ ಇನ್ನ ಬರಂಗಿಲ್ರೀ! ಖರೇನ ಬರಂಗಿಲ್ಲ!"

ಪಂಕಜಮ್ಮ ಕಪ್ಪು ಕನ್ನಡಕವನ್ನು ಅವನ ಕಡೆಗೆ ತಿರುಗಿಸಿದರು. "ನಿಮಗೆ ಹೇಗ್ರೀ ಗೊತ್ತು?"

ನಿಂಗರಾಜ ಲೋಟ ಕೆಳಗಿಟ್ಟು, ಸಾಮಾನು ಕಟ್ಟಲು ಮಹಡಿ ಹತ್ತಿದ.