ಸೀಸವೂ ಮೀಸೆಯೂ

ಫೆಸ್ ಪಟ್ಟಣದ ಬ್ಯಾಟರಿ ರಿಪೇರಿಯವನಾದ ಬೂಷ್ತಾನಿಗೆ ಆ ಶುಕ್ರವಾರ ಬಂದ ಸಿಟ್ಟಿಗೆ ಒಲೆಯೇ ಬೇಕಿರಲಿಲ್ಲ, ನೆತ್ತಿಯ ಮೇಲೇ ಪುದೀನ ಚಹಾ ಕಾಯಿಸಬಹುದಿತ್ತು. ಮೂರು ವರ್ಷದ ಮಗಳು ಗಿಜ್ಲಾನ್ ಹೊಟ್ಟೆನೋವು ಎಂದು ಊಟ ಬಿಟ್ಟಿದ್ದಳು. ಆಸ್ಪತ್ರೆಯವರು ರಕ್ತ ನೋಡಿ, "ಸೀಸ ಸೇರಿದೆ. ಈಗಲೇ ತಡೆದರೆ ಸರಿಹೋಗುತ್ತಾಳೆ. ಎಲ್ಲಿಂದ ಬರುತ್ತಿದೆ ಹುಡುಕಿ" ಎಂದಿದ್ದರು.

ಹುಡುಕುವುದೇನು ಬಂತು ಮಣ್ಣು! ಅಪರಾಧಿ ಮನೆಯಲ್ಲೇ ಇತ್ತಲ್ಲ, ಮದುವೆಯಲ್ಲಿ ಅತ್ತೆ ತಾಮೊ ತನ್ನ ಅಡುಗೆಮನೆಯಿಂದಲೇ ಎತ್ತಿ ಕೊಟ್ಟ ಹಳೇ ಹಸಿರು ಮೆರುಗಿನ ಮಣ್ಣಿನ ಹರಿವಾಣ. ಪ್ರತಿ ಶುಕ್ರವಾರ ಮನೆಮಂದಿಯೆಲ್ಲ ಸುತ್ತ ಕೂತು ಮಾಂಸ ಹಾಕಿದ ಗೋಧಿ ರವೆಯ ಕುಸ್ಕುಸ್ ತಿನ್ನುವುದು ಅದರಲ್ಲೇ. (ಒಳ್ಳೊಳ್ಳೆಯ ಮಾಂಸದ ತುಂಡೆಲ್ಲ ಪ್ರತಿ ಸಲವೂ ಅತ್ತೆಯ ಕಡೆಗೇ ಜಾರುತ್ತಿತ್ತು ಎಂಬ ಹಳೇ ಹೊಟ್ಟೆಯುರಿಯೂ ಇತ್ತೆನ್ನಿ.)

"ಹಳೇ ಮೆರುಗಲ್ಲಿ ಸೀಸ ಇರುತ್ತಂತೆ, ಹುಳಿ ತಗುಲಿದ್ರೆ ಊಟಕ್ಕೆ ಇಳಿಯುತ್ತಂತೆ! ಇದು ಹರಿವಾಣ ಅಲ್ಲ ಕಣೇ, ಪ್ರಾಣಹರಣ!" ಎಂದು ಹೆಂಡತಿಯ ಮೇಲೆ ಗುಡುಗಿದ.

"ನಲವತ್ತು ವರ್ಷ ಅದರಲ್ಲೇ ತಿಂದ ನಮ್ಮಮ್ಮ ಗುಂಡುಕಲ್ಲಿನ ಹಾಗಿಲ್ವೇನ್ರೀ?" ಎಂದಳು ಮಹ್ಜೂಬಾ.

"ಅದನ್ನೇ ನಾನೂ ಹೇಳೋದು. ವಿಷಕ್ಕೇ ವಿಷ ಏರುತ್ತಾ?"

"ಕೇಳಿಸ್ತು ಅಳಿಯಾ," ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ಕಿವಿಗೆ ಇನ್ನೂ ಯಾರೂ ಸೀಸ ಹೊಯ್ದಿಲ್ಲ."

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸು ಇಬ್ತಿಸಾಮ್ ಪರೀಕ್ಷೆಯ ಹತ್ತಿಕಡ್ಡಿಗಳನ್ನು ಹಿಡಿದು ಬಂದಳು. ಉಜ್ಜಿದ ಕಡೆ ಸೀಸವಿದ್ದರೆ ಹತ್ತಿ ಕೆಂಪಾಗುತ್ತದಂತೆ. ಬೂಷ್ತಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸುಲ್ತಾನನ ಫರ್ಮಾನು ಹೊರಡಿಸುವವನಂತೆ ಮೀಸೆ ತಿರುವಿದ.

"ಎಲ್ಲರೂ ಕೇಳಿ! ಈ ಮನೇಲಿ ಕೆಂಪಾದದ್ದು ಯಾವುದೇ ಇರ್ಲಿ, ಆ ಕ್ಷಣವೇ ಹೊಸಿಲು ದಾಟ್ಬೇಕು. ಅದು ಹೋಗೋವರೆಗೆ ಊಟ ಇಲ್ಲ. ದೇವರಾಣೆ!"

ನರ್ಸು ಹರಿವಾಣದ ಅಂಚು ಉಜ್ಜಿದಳು, ನಡುವೆ ಉಜ್ಜಿದಳು, ಬಿರುಕಿನಲ್ಲೂ ಉಜ್ಜಿದಳು. ಹತ್ತಿ ಮಲ್ಲಿಗೆಯಷ್ಟು ಬೆಳ್ಳಗಿತ್ತು.

"ಕಡ್ಡಿಯೇ ಕೆಟ್ಟಿದೆ!" ಬೂಷ್ತಾ ಕೂಗಿದ. "ಅತ್ತೆಯ ಮುಖ ನೋಡಿ ಹೆದರಿಕೊಂಡಿದೆ!"

ನರ್ಸಿನ ಕಣ್ಣು ಮಾತ್ರ ಗಿಜ್ಲಾನ್ ಮೇಲಿತ್ತು. ಮಗು ದಿನವೂ ಮಾಡುವಂತೆ ಅಪ್ಪನ ಮೀಸೆಗೆ ಜೋತುಬಿದ್ದು, ಆಮೇಲೆ ಆ ಬೆರಳನ್ನೇ ಬಾಯಿಗಿಟ್ಟು ಚೀಪುತ್ತಿತ್ತು.

"ಅಣ್ಣಾ, ಒಂಚೂರು ಅಲ್ಲಾಡ್ಬೇಡಿ," ಎಂದು ನರ್ಸು ಹೊಸ ಕಡ್ಡಿಯನ್ನು ಮೀಸೆಯ ಮೇಲೆ ಎಳೆದಳು.

ಹತ್ತಿ ದಾಳಿಂಬೆ ಕಾಳಿನಂತೆ ಕೆಂಪಾಯಿತು. ತೋಳು ಉಜ್ಜಿದರೆ ಕೆಂಪು. ಟೋಪಿ ಉಜ್ಜಿದರೆ ಕೆಂಪು. ಬೂಷ್ತಾನೇ ಒಂದು ನಡೆದಾಡುವ ಗಣಿ!

"ದಿನವಿಡೀ ಬ್ಯಾಟರಿ ಸೀಸ ಕರಗಿಸ್ತೀರಿ. ಧೂಳು ಬಟ್ಟೆ ಕೂದಲಲ್ಲಿ ಕೂತು ನಿಮ್ಮ ಜೊತೆಗೇ ಮನೆಗೆ ಬರುತ್ತೆ," ಎಂದಳು ನರ್ಸು. "ಅಂಗಡಿಯಲ್ಲೇ ಬಟ್ಟೆ ಬದಲಿಸಿ, ಮಿಂದು ಬನ್ನಿ. ಆ ಬಟ್ಟೆ ಬೇರೆಯೇ ಒಗೀಬೇಕು. ನಿಮ್ಮ ರಕ್ತಾನೂ ನೋಡಿಸ್ಬೇಕು."

ಬೂಷ್ತಾ ಮಗಳನ್ನು ಮೆಲ್ಲಗೆ ಕೆಳಗಿಳಿಸಿದ. ಅತ್ತೆ ಕೈಯೆತ್ತಿ ಬಾಗಿಲು ತೋರಿಸಿದಳು.

"ಅಳಿಯಾ, ಹೊಸಿಲು ಅಲ್ಲಿದೆ."

ಆಣೆ ಆಣೆಯೇ. ಬೂಷ್ತಾ ಬೀದಿಯ ಸ್ನಾನಗೃಹವಾದ ಹಮಾಮಿಗೆ ಹೋಗಿ ಚರ್ಮ ಸುಲಿಯುವಂತೆ ಉಜ್ಜಿಸಿಕೊಂಡ. ಪಕ್ಕದ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಇಪ್ಪತ್ತು ವರ್ಷದ ಮೀಸೆಗೆ ವಿದಾಯ ಹೇಳಿದ. ತೊಳೆದಿದ್ದರೂ ಸಾಕಿತ್ತೇನೋ, ಆದರೆ ಮಗಳ ಬೆರಳು ಅವನ ಕಣ್ಣಿಂದ ಮರೆಯಾಗಿರಲಿಲ್ಲ. ಕಡ ತಂದ ಅಂಗಿ ತೊಟ್ಟು ಮನೆಗೆ ಬರುವಷ್ಟರಲ್ಲಿ ಹಸಿರು ಹರಿವಾಣದಿಂದ ಕುಸ್ಕುಸ್‌ನ ಹಬೆ ಬೀದಿಗೇ ಬರುತ್ತಿತ್ತು.

ಬಾಗಿಲು ತೆರೆದ ಗಿಜ್ಲಾನ್ ಕೆಳಗಿನಿಂದ ಮೇಲಕ್ಕೆ ನೋಡಿ ಒಳಗೋಡಿದಳು.

"ಅಮ್ಮಾ, ಯಾರೋ ಬೋಳುಮುಖದ ಮಾಮ ಬಂದಿದಾನೆ!"

ಮಾಂಸದ ತುಂಡು ಅಗಿಯುತ್ತಲೇ ಅತ್ತೆ ಹೇಳಿದಳು: "ಶುಕ್ರವಾರ ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸ್ತಾರೇನೇ? ಪಾಪ, ಒಂದು ತಟ್ಟೆ ಕುಸ್ಕುಸ್ ಹಾಕಿ ಕಳಿಸು."