ಕೊಡುಗೈ ಟ್ರಸ್ಟಿನ ದರ್ಬಾರು

ದೊಡ್ಡ ಮನೆಯವರ ದಾನವೆಂದರೆ ಕೊಡದಿರಲು ಕಾರಣ ಹುಡುಕುವುದೇ ಮುಕ್ಕಾಲು ಕೆಲಸ. ಚೆನ್ನೈಯ ಒಂದು ಶ್ರೀಮಂತ ಮನೆತನದ ಟ್ರಸ್ಟಿನಲ್ಲಿ ಗುಮಾಸ್ತನಾಗಿರುವ ನನಗೆ ಇಂಥ ತಮಾಷೆಗೆ ಬರವಿಲ್ಲ. ಟ್ರಸ್ಟಿಗಳು ಮೂವರೇ: ಯಜಮಾನರು, ಅವರ ಹೆಂಡತಿ ಅಮ್ಮನವರು, ಫಾರಿನ್ನಿನಲ್ಲಿ ಓದಿ ಬಂದ ಸೊಸೆ.

ಈ ಸಲ ಕೈಯೊಡ್ಡಿದವರಲ್ಲಿ ಉಡುಪಿ ಕಡೆಯ ಟೀಚರಮ್ಮ ಒಬ್ಬರು. ಕೋಯಂಬೇಡು ಮಾರ್ಕೆಟ್ಟಿನ ಹಿಂದೆ ಕೂಲಿ ಹೆಂಗಸರ ಮಕ್ಕಳಿಗೆ ಶಿಶುವಿಹಾರ ನಡೆಸುತ್ತಾರೆ. ತಿಂಗಳೊಳಗೆ ನೆರವು ಸಿಗದಿದ್ದರೆ ಅದಕ್ಕೆ ಬೀಗ, ಕೂಸುಗಳು ಟೊಮೆಟೊ ಕ್ರೇಟುಗಳ ನಡುವೆ.

ಅರ್ಜಿ

ಸೊಸೆ ತಯಾರಿಸಿದ ಅರ್ಜಿ ಫಾರಮ್ಮಿನಲ್ಲಿ ಒಂದು ಪ್ರಶ್ನೆ: "ನಮ್ಮ ನೆರವು ನಿಂತ ಮೇಲೆ ಹೇಗೆ ನಡೆಸುತ್ತೀರಿ?"

ಟೀಚರಮ್ಮ ಬರೆದರು: "ಇಷ್ಟು ದಿನ ನಡೆಸಿದ ಹಾಗೆ, ಅವರಿವರನ್ನು ಬೇಡಿ."

"ಹಾಗಾದ್ರೆ ಡೋನರ್ಸ್ ಇದಾರಲ್ಲ, ನಾವ್ಯಾಕೆ?" ಎಂದಳು ಸೊಸೆ.

ತಿದ್ದಿ ಬರೆದರು: "ಮುಚ್ಚಬೇಕಾಗುತ್ತದೆ."

"ಮುಚ್ಚೋರಿಗೆ ಯಾರಾದ್ರೂ ಫಂಡ್ ಮಾಡ್ತಾರಾ?"

ನಡೆಯುವವರಿಗೆ ಊರುಗೋಲು ಬೇಡ, ಬೀಳುವವರಿಗೆ ಕೊಟ್ಟರೆ ದಂಡ. ಊರುಗೋಲು ಮಾತ್ರ ನಮ್ಮ ಬೀರುವಿನಲ್ಲಿ ಭದ್ರ.

ಭೇಟಿ

ಅಮ್ಮನವರು ಫೋಟೋಗ್ರಾಫರ್ ಸಮೇತ ಶಿಶುವಿಹಾರ ನೋಡಲು ಹೊರಟರು. ಮಕ್ಕಳು ಸ್ನಾನ ಮಾಡಿ, ಉಂಡು, ಸಾಲಾಗಿ ಮಲಗಿದ್ದವು. ಅಮ್ಮನವರ ಮುಖ ಸಪ್ಪೆಯಾಯಿತು.

"ಎಲ್ಲಾ ನೀಟಾಗಿದೆಯಲ್ರೀ! ಕಷ್ಟಾನೇ ಕಾಣಲ್ವೇ, ಫೋಟೋ ಎಪ್ಪಡಿ ತೆಗೆಯೋದು?"

ಟೀಚರಮ್ಮ ನನ್ನ ಕಿವಿಯಲ್ಲಿ, "ಸ್ನಾನ ಮಾಡಿಸಿದ್ದು ತಪ್ಪಾಯ್ತಾ ಮಾರಾಯ್ರೆ?" ಎಂದರು.

ಅಮ್ಮನವರು ಬಿಡುವವರೇ? ಮೂಗು ಸೋರುವ ಕೂಸೊಂದನ್ನು ಹುಡುಕಿ ಎತ್ತಿಕೊಂಡರು. ಅದು ಕಾಂಚೀಪುರಂ ಸೀರೆಗೆ ಚೆನ್ನಾಗಿ ಮೂಗು ಒರೆಸಿಕೊಂಡಿತು. ಕಾರು ಹತ್ತುವಾಗ ನನಗೆ ಆಜ್ಞೆಯಾಯಿತು: "ಬರ್ಕೊಳ್ಳಿ, ಇಲ್ಲಿ ಹೈಜೀನ್ ಸಾಲದು."

ತೀರ್ಪು

ಕೊನೆಯ ಸಭೆಗೆ ಉಳಿದದ್ದು ಎರಡೇ ಅರ್ಜಿ: ಶಿಶುವಿಹಾರ ಮತ್ತು ಅಮ್ಮನವರ ತಂಗಿಯ ಮಗಳ ಭರತನಾಟ್ಯ ಶಾಲೆ.

"ನಮ್ಮಲ್ಲಿ ಪಕ್ಷಪಾತ ಇಲ್ಲ, ಶ್ರೀನಿವಾಸನೇ ಹೇಳ್ಲಿ" ಎಂದು ಅಮ್ಮನವರು ಎಲ್ಲರನ್ನೂ ದೇವರ ಕೋಣೆಗೆ ಕರೆದೊಯ್ದರು. ವಿಗ್ರಹದ ಬಲ ಭುಜದ ಮೇಲೆ ನಾಟ್ಯ ಶಾಲೆಯ ಹೂವು, ಎಡಕ್ಕೆ ಶಿಶುವಿಹಾರದ್ದು. ಯಾವುದು ಮೊದಲು ಬೀಳುತ್ತದೋ ಅವರಿಗೆ ಹಣ.

ಎಡಗಡೆಯದು ಬಿತ್ತು.

"ಫ್ಯಾನ್ ಗಾಳಿಗೆ" ಎಂದು ಅಮ್ಮನವರು ಫ್ಯಾನ್ ಆರಿಸಿ ಮತ್ತೆ ಇಟ್ಟರು. ಮತ್ತೆ ಎಡಗಡೆಯದೇ. ಮೂರನೆಯ ಸಲ ಅಮ್ಮನವರು ಎಡಗಡೆಯ ಹೂವಿಗೆ ಗಂಧ ಮೆತ್ತಿ ಒತ್ತಿ ಅಂಟಿಸಿದರು. ಗಂಧದ ಸಮೇತ ಬಿತ್ತು.

ಎಲ್ಲರೂ ಯಜಮಾನರ ಮುಖ ನೋಡಿದರು. ಅವರು ಕೆಮ್ಮಿ, "ಸ್ವಾಮಿ ಹೇಳಿದ್ದು ಸರಿನೇಪ್ಪಾ. ಆದ್ರೆ ಸ್ವಾಮಿ ಟ್ರಸ್ಟಿ ಅಲ್ವಲ್ಲ?" ಎಂದರು. ನಾಟ್ಯ ಶಾಲೆಗೆ ಮೂರು ಕೈ ಮೇಲೆದ್ದವು. ಶಿಶುವಿಹಾರದ ಬೀಗ ಅಲ್ಲೇ ಖಾಯಂ ಆಯಿತು.

ನಾನು ಸಭೆಯ ನಡವಳಿಯಲ್ಲಿ ಇದ್ದದ್ದು ಇದ್ದಂತೆ ಬರೆದೆ: "ದೇವರ ಅಭಿಪ್ರಾಯವನ್ನು ಮೂರು ಬಾರಿ ಆಲಿಸಿ, ಸರ್ವಾನುಮತದಿಂದ ತಿರಸ್ಕರಿಸಲಾಯಿತು."

ಮೂವರೂ ಓದದೆ ಸಹಿ ಹಾಕಿದರು.