ಪಡದೆಯ ಮೇಲಿನ ಸುರಿಗೆ ನೀರು

ಮುರುಮ ಎಂಬ ಊರಿನ ಬಟ್ಟೆ ವ್ಯಾಪಾರಿ ಸೂರ್ಯಕಾಂತಪ್ಪನಿಗೆ ದೇವರು ಮನೆ ಕೊಟ್ಟಿದ್ದ, ಅಂಗಡಿ ಕೊಟ್ಟಿದ್ದ, ಮಾತಿಗೆ ಮಾತು ಕೊಡುವ ಹೆಂಡತಿಯನ್ನೂ ಕೊಟ್ಟಿದ್ದ. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ದೇವರನ್ನು ಕ್ಷಮಿಸಬಹುದಿತ್ತು. ಮೇಲಿಂದ ಒಬ್ಬ ಷಡ್ಡಕನನ್ನೂ ಕೊಟ್ಟಿದ್ದ.

ಷಡ್ಡಕ ಎಂದರೆ ಉದಗೀರದ ಮಾಣಿಕಪ್ಪ, ಹೆಂಡತಿಯ ಅಕ್ಕ ಕಸ್ತೂರಬಾಯಿಯ ಗಂಡ. ಸೂರ್ಯಕಾಂತ ಫ್ರಿಜ್ಜಿನ ಬೆಲೆ ವಿಚಾರಿಸುವ ಹೊತ್ತಿಗೆ ಮಾಣಿಕಪ್ಪನ ಫ್ರಿಜ್ಜಿನಲ್ಲಿ ಬರ್ಫ ಕಟ್ಟಿರುತ್ತಿತ್ತು. ಇವನು ಕಲರ್ ಟೀವಿ ತಂದ ವಾರವೇ ಅವನು ತನ್ನ ಹಳೆಯ ಕಲರ್ ಟೀವಿಯನ್ನು ಭಾಂಡಿ ತಿಕ್ಕುವವಳಿಗೆ ದಾನ ಮಾಡಿದ. ಇಪ್ಪತ್ತೈದು ವರ್ಷಗಳಲ್ಲಿ ಸೂರ್ಯಕಾಂತನ ಯಾವ ವಸ್ತುವನ್ನು ನೋಡಿಯೂ ಆ ಮಹಾನುಭಾವನ ಬಾಯಿಂದ ‘ಛಲೋ ಅದ’ ಎಂಬ ಎರಡು ಶಬ್ದ ಉದುರಿರಲಿಲ್ಲ. ಬಹಳವಾದರೆ ‘ನಡೀತದ’ ಎನ್ನುತ್ತಿದ್ದ. (ಸೂರ್ಯಕಾಂತನ ಮಗಳ ಲಗ್ನದ ಊಟ ಉಂಡು ಕೈ ತೊಳೆಯುವಾಗಲೂ ‘ನಡೀತದ’ ಎಂದೇ ಅಂದಿದ್ದ.) ಹೋದ ದಸರೆಗೆ ಉದಗೀರಕ್ಕೆ ಹೋದಾಗ ಅವನು ಮಾಳಿಗೆ ಮೇಲೆ ಹೋಂ ಥಿಯೇಟರ್ ಮಾಡಿಸಿದ್ದ. ಚಪ್ಪಲಿ ಬಿಡಿಸಿ, ಮೆತ್ತನೆಯ ಖುರ್ಚಿಯ ಮೇಲೆ ಕೂಡಿಸಿ, ಸೂರ್ಯಕಾಂತ ಕುತೂಹಲಕ್ಕೆಂದು ಒಂದು ವಾಯರಿನ ಕಡೆ ಬಗ್ಗಿದಾಗ, “ಮುಟ್ಟಬ್ಯಾಡ ಸೂರ್ಯಾ, ನಿನಗ ಅದು ತಿಳಿಯಂಗಿಲ್ಲ” ಎಂದ. ಹೆಂಡಿರ ಎದುರಿಗೆ ಎಂದ.

ಅಂದಿನಿಂದ ಸೂರ್ಯಕಾಂತನಿಗೆ ಊಟ ರುಚಿಸಲಿಲ್ಲ. (ಮೂರು ಹೊತ್ತು ಮಾಡುತ್ತಿದ್ದ, ರುಚಿಸುತ್ತಿರಲಿಲ್ಲ, ಅಷ್ಟೆ.)

ಅದು ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ. ಉಮರ್ಗಾದಲ್ಲಿ ಒಂದು ಟ್ಯೂಶನ್ ಕ್ಲಾಸು ನೀರಿಲ್ಲದೆ ಬಾಗಿಲು ಹಾಕಿತು. ಖುರ್ಚಿ, ಬೋರ್ಡು ಮಾರಾಟಕ್ಕೆ ಬಂದವು. ಸೂರ್ಯಕಾಂತ ಹೋಗಿ ಅಲ್ಲಿಯ ಪ್ರೊಜೆಕ್ಟರನ್ನೂ ಐದು ಸ್ಪೀಕರುಗಳನ್ನೂ ಹೊತ್ತು ತಂದ. ಮೇ ಹನ್ನೆರಡಕ್ಕೆ ಅವನ ಮದುವೆಯಾಗಿ ಇಪ್ಪತ್ತೈದು ವರ್ಷ. ಮದುವೆಯ ವೀಡಿಯೊ ಕ್ಯಾಸೆಟ್ಟು ಸಂದೂಕದಲ್ಲಿತ್ತು, ಅದನ್ನು ಆಡಿಸುವ ವೀಸಿಆರ್ ಕೂಡ ಅಲ್ಲೇ ಮಗ್ಗುಲಲ್ಲಿ ಮಲಗಿತ್ತು. ಓಣಿಯವರನ್ನೂ ಮಾಣಿಕಪ್ಪ ದಂಪತಿಗಳನ್ನೂ ಕರೆದು ಪಡಸಾಲೆಯಲ್ಲಿ ಲಗ್ನದ ಪಿಕ್ಚರ್ ತೋರಿಸುವುದು, ವಾಯರು ಪೂರಾ ತಾನೇ ಜೋಡಿಸುವುದು, ಮಾಣಿಕಪ್ಪನ ಬಾಯಿಂದ ‘ಛಲೋ ಅದ’ ಅನ್ನಿಸುವುದು: ಇದು ಯೋಜನೆ.

“ಓಣಿಯವರನ್ನ ಕರದ್ರ ಅವರಿಗಿ ಕುಡಿಲಿಕ್ಕಿ ಏನು ಕೊಡೋದು?” ಎಂದಳು ಕುಸುಮಬಾಯಿ.

“ಛಾ ಕೊಡು.”

“ಛಾ ಏನು ಬರೇ ಪುಡಿಲಿಂದ ಆಗ್ತದೇನ್ರಿ?”

ಅವಳ ಕಷ್ಟ ಸುಳ್ಳಲ್ಲ. ಅವರ ಓಣಿಗೆ ಹದಿನೈದು ಹದಿನಾರು ದಿನಕ್ಕೊಮ್ಮೆ ನಳ ಬರುತ್ತಿತ್ತು. ಬಂದರೆ ನಲವತ್ತು ನಿಮಿಷ. ವಾಲ್ವ್ ತಿರುಗಿಸುವ ಅಂಬಾದಾಸ ಮೂಲೆಯ ಕಬ್ಬಿಣದ ಪೈಪಿಗೆ ಪಾನಾ ಎಂಬ ಸ್ಪ್ಯಾನರಿನಿಂದ ಮೂರು ಸಲ ಬಡಿಯುತ್ತಿದ್ದ. ಆ ಸಪ್ಪಳ ಕೇಳಿದರೆ ಹೆಂಗಸರು ಲಟ್ಟಣಿಗೆ ಕೈಯಲ್ಲಿ ಹಿಡಿದೇ ಹಿತ್ತಲಿಗೆ ಓಡುತ್ತಿದ್ದರು. ಸೂರ್ಯಕಾಂತನ ನಳ ಹಿಂದಿನ ಬಾಗಿಲ ಆಚೆ ಒಂದು ಸಣ್ಣ ಗುಂಡಿಯಲ್ಲಿತ್ತು. ಗುಂಡಿ ಹಿಡಿಯುವುದು ನಾಲ್ಕು ಕೊಡ. ಅಲ್ಲಿಂದ ಮೋಟರು ಎಳೆದು ಮಾಳಿಗೆಯ ಟಾಕಿಗೆ ಏರಿಸಬೇಕು, ಆ ಟಾಕಿಯ ಮೇಲೆ ಹದಿನೈದು ದಿನ ಬದುಕಬೇಕು. ಮೋಟರಿನ ಪ್ಲಗ್ಗು ಹಿಂದಿನ ಬಾಗಿಲ ಒಳಮಗ್ಗುಲಿನ ದೊಡ್ಡ ಸಾಕೆಟ್ಟಿನಲ್ಲಿ ವರ್ಷವಿಡೀ ಕೂತಿರುತ್ತಿತ್ತು. ದೀಪಾವಳಿಗೆ ಕುಸುಮಬಾಯಿ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು, ಉಳಿದ ದಿನ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಆ ಮನೆಯ ವೈರಿಂಗು ಸೂರ್ಯಕಾಂತನ ಅಪ್ಪನ ಕಾಲದ್ದು. ಪ್ರೊಜೆಕ್ಟರಿನ ದಪ್ಪ ಮೂರು ಕಡ್ಡಿಯ ಪ್ಲಗ್ಗನ್ನು ನುಂಗುವ ಸಾಕೆಟ್ಟು ಮನೆಯಲ್ಲಿ ಇದ್ದುದು ಅದೊಂದೇ.

“ಒಂದ್ ತಾಸಿನ ಮಾತು” ಎಂದ ಸೂರ್ಯಕಾಂತ, ಮೇ ಹನ್ನೆರಡರ ಮುಂಜಾನೆ ಆ ಸಾಕೆಟ್ಟಿಗೆ ಕೈ ಹಾಕುತ್ತ. “ನಳ ಬರೋದು ಶುಕ್ರವಾರ. ಇವತ್ತ ಗುರುವಾರ.”

“ಅಂಬಾದಾಸ ನಿಮಗ ಚೀಟಿ ಬರದ ಕೊಟ್ಟಾನೇನು?”

“ಹದಿನೈದ ದಿನ ನಾಳೆಗಿ ತುಂಬತಾವ. ಹಿಸಾಬ ಬರ್ತದ ನನಗ.”

ಮೋಟರಿನ ಪ್ಲಗ್ಗು ಕಿತ್ತ. ಕುಸುಮಬಾಯಿ ಆ ಪ್ಲಗ್ಗನ್ನು ಸೆರಗಿನಿಂದ ಒರೆಸಿ ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು. ಮಾತಾಡದೆ ಹೋದಳು ಎಂಬುದನ್ನು ಇಪ್ಪತ್ತೈದು ವರ್ಷದ ಅನುಭವಿ ಗಮನಿಸಬೇಕಾಗಿತ್ತು.

ಆಮೇಲೆ ನಡೆದದ್ದು ವಾಯರುಗಳ ಮಹಾಯುದ್ಧ. ಪ್ರೊಜೆಕ್ಟರಿನ ಬೆನ್ನಿಗೆ ಆರು ತೂತು. ಒಂದು ಕಂಪ್ಯೂಟರಿಗೆ, ಎರಡು ಚಪ್ಪಟೆ ಬಾಯಿಯವು ಈಗಿನ ಕಾಲದ ಡಬ್ಬಿಗಳಿಗೆ, ಕೊನೆಗೆ ಹಳದಿ, ಕೆಂಪು, ಬಿಳಿಯ ಮೂರು ಗುಂಡು ತೂತು. ವೀಸಿಆರಿನ ಬೆನ್ನಿಗೂ ಅವೇ ಬಣ್ಣ, ಆದರೆ ಎರಡೆರಡು ಜೋಡಿ. ಸೂರ್ಯಕಾಂತ ಬಣ್ಣಕ್ಕೆ ಬಣ್ಣ ಹೊಂದಿಸಿದ. ಬಟ್ಟೆಯಂಗಡಿಯವನಿಗೆ ಬಣ್ಣ ಹೊಂದಿಸಲು ಬರುವುದಿಲ್ಲವೇ? ಹಿತ್ತಲ ಕಡೆಯ ಗೋಡೆಗೆ ಕಟ್ಟಿದ್ದ ಬಿಳಿ ಲಠ್ಠೆ ಬಟ್ಟೆಯ ಮೇಲೆ ನೀಲಿ ಬೆಳಕು ಬಿತ್ತು, ನಡುವೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರ. ಒಂದು ತಾಸು ಹಾಗೇ ಇತ್ತು. ಅದೂ ತಲೆಕೆಳಗಾಗಿ, ಯಾಕೆಂದರೆ ಕ್ಲಾಸಿನಲ್ಲಿ ಅದನ್ನು ಛತ್ತಿಗೆ ತಲೆಕೆಳಗಾಗಿ ತೂಗಿಹಾಕಿದ್ದರು.

ಛಾದ ಕಪ್ಪು ಎಣಿಸುತ್ತ ಬಂದ ಕುಸುಮಬಾಯಿ ನಿಂತು ನೋಡಿದಳು. “ಈ ವಾಯರ್ ಆ ಡಬ್ಬಿಯೊಳಗಿಂದ ಹೊರಗ ಬರೋ ತೂತಿಗಿ ಹಾಕ್ರಿ. ನೀವ್ ಒಳಗ ಹೋಗೋದಕ್ಕ ಹಾಕೀರಿ. ಎರಡೂ ಕಡಿ ತಗೋಳೋರೇ ಆದ್ರ ಕೊಡೋರು ಯಾರು? ಬೀಗತನದಾಗೂ ಒಂದ್ ಕಡಿಯವ್ರು ಕೊಡಬೇಕಾಗ್ತದ.”

ಸೂರ್ಯಕಾಂತ ಅವಳು ಒಳಗೆ ಹೋಗುವವರೆಗೂ ಕಾಯ್ದು ವಾಯರು ಬದಲಿಸಿದ. ಚಿತ್ರ ಬಂತು. ಪ್ರೊಜೆಕ್ಟರನ್ನು ಬೆನ್ನ ಮೇಲೆ ಮಲಗಿಸಿದ, ಚಿತ್ರ ನೆಟ್ಟಗಾಯಿತು. ಇದು ಹೆಂಡತಿಯ ಬುದ್ಧಿ ಎಂದು ಆತ ಸಾಯುವವರೆಗೂ ಒಪ್ಪಿಕೊಳ್ಳುವುದಿಲ್ಲ.

ಮಧ್ಯಾಹ್ನ ಒಂದೂವರೆಗೆ ಜನ ಕೂಡಿತು. ಹಗಲಿನ ಬೆಳಕು ಬರಬಾರದೆಂದು ಸೂರ್ಯಕಾಂತ ಅಂಗಡಿಯ ಕರಿ ಬಟ್ಟೆಯ ಥಾನುಗಳನ್ನು ಕಿಟಕಿಗಳಿಗೆ ತುರುಕಿದ್ದ. ನಲವತ್ನಾಲ್ಕು ಡಿಗ್ರಿಯ ಬಿಸಿಲಿನಲ್ಲಿ ಮುವ್ವತ್ತು ಜನ ಬೆವರುತ್ತ ಕೂತರು. ಮೂರಕ್ಕೆ ಲೋಡ್ ಶೆಡ್ಡಿಂಗು, ಅಷ್ಟರೊಳಗೆ ಮುಗಿಯಬೇಕು. ಮಾಣಿಕಪ್ಪ ಮುಂದಿನ ಖುರ್ಚಿಯಲ್ಲಿ ಕೂತು ಮಲಗಿದ ಪ್ರೊಜೆಕ್ಟರನ್ನು ನೋಡಿ, “ಇದಕ್ಕ ಏನಾಗ್ಯದ? ಆರಾಮಿಲ್ಲೇನು?” ಎಂದ. ನಂತರ ಉಪದೇಶ: “ಒಂದ್ ಮಾತ್ ನೆನಪಿಡು. ಬಂದ್ ಮಾಡ್ವಾಗ ಗಪ್ಪನ ಪ್ಲಗ್ ಕೀಳಬ್ಯಾಡ. ಬಟನ್ ಒತ್ತಿದ್ಮ್ಯಾಲ ಐದ್ ಮಿನಿಟ ಫ್ಯಾನ್ ತಿರಗಬೇಕು. ಇಲ್ಲಾಂದ್ರ ಬಲ್ಬ್ ಸಿಡೀತದ.”

“ಗೊತ್ತದ” ಎಂದ ಸೂರ್ಯಕಾಂತ. ಗೊತ್ತಿರಲಿಲ್ಲ.

ಪಿಕ್ಚರ್ ಸುರುವಾಯಿತು. ಬೀಗರ ಸ್ವಾಗತಕ್ಕೆ ಜನ ಆಕಳಿಸಿದರು. ಇಪ್ಪತ್ತಾರು ವರ್ಷದ ಸೂರ್ಯಕಾಂತ ಮೀಸೆ ತೀಡುತ್ತ ಬಂದಾಗ ಮಕ್ಕಳು ನಕ್ಕರು. ಮಾಣಿಕಪ್ಪ ಒಂದು ಸಲ ಗಡಿಯಾರ ನೋಡಿಕೊಂಡ.

ಆಗ ಸುರಿಗೆ ಬಂತು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಅರಿಷಿಣ ಹಚ್ಚಿಕೊಂಡ ಮದುಮಕ್ಕಳನ್ನು ಕೂಡಿಸಿ ಮುತ್ತೈದೆಯರು ನೀರು ಸುರಿಯುವ ಶಾಸ್ತ್ರ. ಒಬ್ಬಳು ಸುರಿದಳು, ಇನ್ನೊಬ್ಬಳು ಸುರಿದಳು, ಹಂಡೆಗಟ್ಟಲೆ ಸುರಿದರು. ಎಂಟು ಅಡಿ ಅಗಲದ ಲಠ್ಠೆಯ ಮೇಲೆ ನೀರು ಮದುಮಕ್ಕಳ ತಲೆಯಿಂದ ಇಳಿದು, ಅಂಗಳದಲ್ಲಿ ಹರಿದು, ಗಟಾರ ಸೇರುತ್ತಿತ್ತು. ಪಡಸಾಲೆಯಲ್ಲಿ ಬೀಸಣಿಕೆಗಳು ನಿಂತವು.

“ಎಷ್ಟ್ ಕೊಡ ಆದವು?” ಎಂದಳು ಪ್ರಯಾಗಬಾಯಿ, ಎದುರು ಮನೆಯವಳು, ಮೆಲ್ಲಗೆ.

“ಹದಿನಾರು. ನಾ ಎಣಿಸೀನಿ” ಎಂದಳು ಹಿಂದಿನ ಬಾಗಿಲ ಹತ್ತಿರ ಕೂತಿದ್ದ ಮುದುಕಿ ಮಲಕಮ್ಮ. “ಸಾವಕಾರ್ರ, ಅದೊಂದು ಮತ್ತೊಮ್ಮಿ ತೋರಿಸ್ರೀ.”

ಸೂರ್ಯಕಾಂತ ಕ್ಯಾಸೆಟ್ಟು ಹಿಂದೆ ಸರಿಸಿದ. ತಾಳಿ ಕಟ್ಟುವುದನ್ನು ಯಾರೂ ಕೇಳಲಿಲ್ಲ, ಅಕ್ಕಿಕಾಳು ಯಾರಿಗೂ ಬೇಕಾಗಲಿಲ್ಲ. ಎರಡನೆಯ ಸಲ ಸುರಿಗೆ ಮುಗಿದಾಗ ಮೂರನೆಯ ಸಲಕ್ಕೆ ನಾಲ್ಕು ದನಿ ಎದ್ದವು. ಛಾದ ತಾಟು ಹಿಡಿದು ಬಂದ ಕುಸುಮಬಾಯಿ ಪಡದೆಯ ಮೇಲೆ ತನ್ನ ತಲೆಯ ಮೇಲಿಂದ ಹೋಗುತ್ತಿದ್ದ ನೀರನ್ನು ನೋಡಿ, ಜನರ ಮುಖ ನೋಡಿ, ತಪ್ಪು ತಾನೇ ಮಾಡಿದವಳಂತೆ ತಲೆ ತಗ್ಗಿಸಿ ಒಳಗೆ ಹೋದಳು. ಸೂರ್ಯಕಾಂತ ಮಾತ್ರ ಹಿಗ್ಗಿದ. ತನ್ನ ಸಿನಿಮಾ ಮೂರನೆಯ ಆಟಕ್ಕೂ ಹೌಸ್‌ಫುಲ್.

ಮೂರನೆಯ ಸಲ ಒಂದು ವಿಶೇಷವಾಯಿತು. ಮೊದಲೆರಡು ಸಲ ಬರೀ ಸನಾದಿ ಕೇಳಿತ್ತು. ಈಗ ನೀರಿನ ಸಪ್ಪಳವೂ ಕೇಳತೊಡಗಿತು. ಮೊದಲು ಸುಂಯ್ ಎಂದು ಗಾಳಿ, ಆಮೇಲೆ ಬಿಕ್ಕುತ್ತ ಬಿಕ್ಕುತ್ತ ಧಾರೆ, ಆಮೇಲೆ ಗಳಗಳ ಗಳಗಳ.

ಮಾಣಿಕಪ್ಪ ಖುರ್ಚಿಯಲ್ಲಿ ಮುಂದಕ್ಕೆ ಬಾಗಿದ. “ಸೂರ್ಯಾ, ಈ ಸಪ್ಪಳ ಪಡದೆ ಹಿಂದಿಂದ ಬರ್ತದಲ್ಲೋ.”

“ಸ್ಪೀಕರ್ ಬಿಸಿಯಾದಂಗ ಅವಾಜ ತೆರೀತದ” ಎಂದ ಸೂರ್ಯಕಾಂತ. ತನ್ನ ನಾಲಿಗೆಯ ಚಾತುರ್ಯಕ್ಕೆ ತಾನೇ ಬೆರಗಾದ. “ಜೋಡಸೋದ್ರಾಗ ಅದ ಎಲ್ಲಾ.”

“ಖರೇ ಹೇಳ್ತೀನಿ, ನನ್ನ ಥಿಯೇಟರ್‌ದಾಗ ಇಂಥಾ ಸೌಂಡ್ ಇಲ್ಲ. ಹರಿಯೋ ನೀರು ಕಾಲಿಗಿ ಹತ್ತಿದಂಗ ಆಗ್ತದ. ಛಲೋ ಅದ. ಭಾಳ ಛಲೋ ಅದ.”

ಇಪ್ಪತ್ತೈದು ವರ್ಷ. ಸೂರ್ಯಕಾಂತನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ ಇತ್ತು. ಇನ್ನೊಮ್ಮೆ ಕೇಳುವ ಆಸೆಯಿಂದ, “ಏನಂದ್ರಿ?” ಎಂದ.

“ಪಡದಿ ಸುದ್ಧಾ ಒದ್ದಿ ಆಗ್ಲಿಕತ್ತದ” ಎಂದ ಮಾಣಿಕಪ್ಪ, ಅದೇ ಮೆಚ್ಚುಗೆಯಿಂದ.

ಹೌದು, ಲಠ್ಠೆಯ ಕೆಳ ಅಂಚು ನೆಲದಿಂದ ಗೇಣುದ್ದ ತೋಯ್ದಿತ್ತು. ಆಗ ಮಲಕಮ್ಮ ತನ್ನ ಸೀರೆಯ ಹಿಂಬದಿಯನ್ನು ಮುಟ್ಟಿ ನೋಡಿಕೊಂಡಳು, ಬೆರಳನ್ನು ನಾಲಿಗೆಗೆ ಹಚ್ಚಿದಳು, ಹೆಚ್ಚು ಗಡಿಬಿಡಿ ಇಲ್ಲದೆ ಹೇಳಿದಳು: “ಇದು ಪಿಕ್ಚರ್ ಅಲ್ಲವ್ವ. ನಳ ಬಂದಾವ.”

ಅಂಬಾದಾಸ ಪೈಪಿಗೆ ಮೂರು ಸಲ ಬಡಿದಿದ್ದ. ನಿಯಮದಂತೆ ಬಡಿದಿದ್ದ. ಕಿಟಕಿಯ ಬಾಯಿಗೆ ಬಟ್ಟೆ ತುರುಕಿದವನು ಸೂರ್ಯಕಾಂತ.

ಮುವ್ವತ್ತು ಜನ ಒಂದೇ ಬಾಗಿಲಲ್ಲಿ ಹೊರಬಿದ್ದರು. ಛಾದ ಕಪ್ಪುಗಳು ಕಾಲಡಿ ಹೋದವು. ಕುಸುಮಬಾಯಿ ಹಿಂದಿನ ಬಾಗಿಲು ತೆಗೆದಳು: ಗುಂಡಿ ಯಾವಾಗಲೋ ತುಂಬಿ, ಉಕ್ಕಿ, ಅರ್ಧ ಹಿತ್ತಲಿಗೆ ಅರ್ಧ ಪಡಸಾಲೆಗೆ ಹರಿಯುತ್ತಿತ್ತು. ಗೂಟದಿಂದ ಮೋಟರಿನ ಪ್ಲಗ್ಗು ತಗೊಂಡು ಸಾಕೆಟ್ಟಿಗೆ ಬಂದಳು. ಅಲ್ಲಿ ಗಂಡ ಎರಡೂ ಕೈ ಅಗಲಿಸಿ ನಿಂತಿದ್ದ.

“ಐದು ಮಿನಿಟ ತಡಿ. ಬಟನ್ ಒತ್ತೀನಿ. ಫ್ಯಾನ್ ತಿರಗ್ಲಿಕತ್ತದ. ಈಗ ಕಿತ್ತರ ಬಲ್ಬ್ ಸಿಡೀತದ.”

“ಸರೀರಿ ಅತ್ಲಾಗ.”

“ನೀ ಸ್ವಲ್ಪ ತಿಳಕೊ. ಮಾಣಿಕಪ್ಪನವರನ್ನ ಕೇಳು ಬೇಕಾದ್ರ.”

ಮಾಣಿಕಪ್ಪ ಖುರ್ಚಿಯ ಮೇಲೆ ಕಾಲು ಎತ್ತಿ ಕೂತಿದ್ದ. “ಐದ್ ಮಿನಿಟ ಅಂತೂ ಬೇಕು” ಎಂದ.

ಕುಸುಮಬಾಯಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಪ್ಲಗ್ಗನ್ನು ಅವನ ಹೆಗಲ ಮೇಲೆ ಹಾಕಿ, ಅಕ್ಕನನ್ನು ಕರೆದುಕೊಂಡು ಗುಂಡಿಗೆ ಹೋಗಿ ಕೊಡ ಮುಳುಗಿಸತೊಡಗಿದಳು. ಐವತ್ತರ ಹತ್ತಿರದ ಇಬ್ಬರು ಹೆಂಗಸರು ಎಷ್ಟು ಎತ್ತಿಯಾರು? ಸೂರ್ಯಕಾಂತ ಗಡಿಯಾರ ನೋಡುತ್ತ ಮಿನಿಟು ಕೂಗಿದ. ಐದಾದವು. ಫ್ಯಾನು ನಿಂತಿತು, ಬಲ್ಬು ಉಳಿಯಿತು. ವಿಜಯದಿಂದ ಪ್ರೊಜೆಕ್ಟರಿನ ಪ್ಲಗ್ಗು ಕಿತ್ತು, ಮೋಟರಿನದು ಒತ್ತಿ, ಸ್ವಿಚ್ಚು ಹಾಕಿದ. ಮೋಟರು ಗುಂಯ್ ಎಂದು ಒಂದು ಸುತ್ತು ತಿರುಗಿತು. ಮೂರು ಗಂಟೆಯಾಯಿತು, ಕರೆಂಟು ಹೋಯಿತು. ಹಿಂದೆಯೇ ನಳವೂ ಒಂದು ಬಿಕ್ಕು ಬಿಕ್ಕಿ ನಿಂತಿತು. ಹದಿನೈದು ದಿನಕ್ಕೆ ಒಂಬತ್ತು ಕೊಡ ಸಿಕ್ಕಿದ್ದವು.

ಮಾಣಿಕಪ್ಪ ದಂಪತಿಗಳು ಎರಡು ದಿನ ಇರಲು ಬಂದವರು ನಾಲ್ಕರ ಬಸ್ಸಿಗೇ ಎದ್ದರು. ಒಂಬತ್ತು ಕೊಡದ ಮನೆಯಲ್ಲಿ ಸ್ನಾನಕ್ಕೆ ನೀರು ಕೇಳುವಷ್ಟು ಕೆಟ್ಟವರಲ್ಲ. ಬಾಗಿಲಲ್ಲಿ ಮಾಣಿಕಪ್ಪ ಷಡ್ಡಕನ ಭುಜ ತಟ್ಟಿದ. “ಪಿಕ್ಚರ್ ನಡೀತದ. ಸೌಂಡ್ ಮಾತ್ರ ನಳದ್ದ ಛಲೋ ಇತ್ತು.” ಉದಗೀರದಲ್ಲಿ ಈ ಮಾತು ಎಷ್ಟು ಮನೆ ತಿರುಗುವುದೆಂದು ಲೆಕ್ಕ ಹಾಕುತ್ತ ಸೂರ್ಯಕಾಂತ ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತ. ಓಣಿಯವರು ಯಾರೂ ಅವನನ್ನು ಮಾತಾಡಿಸಲಿಲ್ಲ. ಅರ್ಧ ಟಾಕಿಯೂ ತುಂಬದ ಮನೆಗಳಿಂದ ಏನೇನೋ ಕೇಳಿಬರುತ್ತಿತ್ತು, ಎಲ್ಲವೂ ಅವನ ಕುಲಗೋತ್ರಕ್ಕೆ ಸಂಬಂಧಿಸಿದ್ದು.

ಸಂಜೆ ಆರಕ್ಕೆ ಕರೆಂಟು ಬಂತು. ಕುಸುಮಬಾಯಿ ತಾನೇ ಹೋಗಿ ಮೋಟರಿನ ಪ್ಲಗ್ಗು ಕಿತ್ತು, ಪ್ರೊಜೆಕ್ಟರಿನದನ್ನು ಒತ್ತಿದಳು. “ಇನ್ನ ಹದಿನೈದ ದಿನ ಈ ಸಾಕೆಟ್ ಖಾಲೀನ ಅದ. ಹಚ್ರಿ ನಿಮ್ಮ ಪಿಕ್ಚರ್. ಸುರಿಗಿ ತೋರಸ್ರಿ. ನಾ ಸರಿಯಾಗಿ ಕೂತ ನೋಡೇ ಇಲ್ಲ.”

ಸೂರ್ಯಕಾಂತನಿಗೆ ಹೋದ ಜೀವ ಬಂದಂತಾಯಿತು. ಬಲ್ಬು ಹತ್ತಿತು. “ನೋಡಿದೇನು, ಐದ್ ಮಿನಿಟ ತಡದದ್ದಕ್ಕ ಬಲ್ಬ್ ಉಳೀತು” ಎಂದ. ಅವಳು ಹಸಿ ನೆಲದ ಮೇಲೆ ಚಾಪೆ ಹಾಸಿ, ಮೊಣಕಾಲು ಅಪ್ಪಿಕೊಂಡು ಕೂತು, ಒಂದೊಂದು ಕೊಡವನ್ನೂ ಕಣ್ಣೆವೆ ಮುಚ್ಚದೆ ನೋಡಿದಳು. ತನ್ನ ತಲೆಯ ಮೇಲೆ ಬಿದ್ದದ್ದು, ಶಾಸ್ತ್ರಕ್ಕೆ ಜೊತೆಗೆ ಕೂತಿದ್ದ ಅತ್ತೆಯ ಮೇಲೆ ಬಿದ್ದದ್ದು. ಕೊನೆಗೆ ಅವಳ ತಾಯಿ ನಗುತ್ತ ಬಂದು, ತುಂಬಿದ ಕೊಡವನ್ನು ಎರಡೂ ಕೈಯಿಂದ ಎತ್ತಿ, ಹೊಸ ಅಳಿಯನ ನೆತ್ತಿಯ ಮೇಲೆ ಬೋರಲು ಹಾಕಿದಳು. ಅಳಿಯ ಮುಖ ಒರೆಸಿಕೊಂಡು ಹಲ್ಲು ಬಿಟ್ಟ.

“ಇಲ್ಲೇ ನಿಂದರಸ್ರಿ” ಎಂದಳು.

ಸೂರ್ಯಕಾಂತ ಬಟನ್ ಒತ್ತಿದ. ಎಂಟು ಅಡಿಯ ಸೂರ್ಯಕಾಂತ ಲಠ್ಠೆಯ ಮೇಲೆ ಹಲ್ಲು ಬಿಟ್ಟುಕೊಂಡೇ ನಿಂತ. ಇಪ್ಪತ್ತೈದು ವರ್ಷದ ಸಂಸಾರದ ಮೇಲೆ ಹೆಂಡತಿ ಈಗ ಏನೋ ಒಂದು ಮೃದುವಾದ ಮಾತು ಆಡುತ್ತಾಳೆಂದು ಅವನಿಗೆ ಖಾತ್ರಿಯಾಗಿತ್ತು, ಸಮೀಪ ಸರಿದು ಕೂತ.

“ಉಳದ ಹದಿನೈದು ಕೊಡ ಇರ್ಲಿ, ಶಾಸ್ತ್ರಕ್ಕ ಹೋದವು” ಎಂದಳು ಕುಸುಮಬಾಯಿ. “ನಮ್ಮವ್ವ ಸುರದಳಲ್ಲ, ಇದೊಂದ್ ಕೊಡ ಮಾತ್ರ ದಂಡ ಆಯ್ತು ನೋಡ್ರಿ.”